ಯುದ್ಧ ಮುಗಿದ ಮೇಲಿನ ಕುವೈತ್

ಏಷ್ಯಾ ಖಂಡದ ಭೂಪಟದಲ್ಲಿ ಪರ್ಶಿಯನ್ ಕೊಲ್ಲಿಯ ನೆತ್ತಿಯ ಮೇಲೆ, ಇರಾಕ್ ಮತ್ತು ಸೌದಿ ಅರೇಬಿಯಾಗಳ ನಡುವೆ, ಒಂದು ಸಣ್ಣ ಚೂರು ಕಾಣಿಸುತ್ತದೆ. ಹೆಸರು ಬರೆಯಲು ಒಳಗೆ ಜಾಗ ಸಾಲದೆ ನಕಾಶೆಯವರು ಅದನ್ನು ಎಷ್ಟೋ ಸಲ ಸಮುದ್ರದ ನೀಲಿಯಲ್ಲಿ ಬರೆದಿರುತ್ತಾರೆ. ಅದೇ ಕುವೈತ್. ವಿಸ್ತೀರ್ಣ 17,818 ಚದರ ಕಿಲೋಮೀಟರು. ನಮ್ಮ ಕರಾವಳಿಯ ಮೂರು ಜಿಲ್ಲೆಗಳನ್ನು ಕೂಡಿಸಿದರೂ ಅದಕ್ಕಿಂತ ತುಸು ಹೆಚ್ಚೇ ಆದೀತು. ಇಷ್ಟು ಚಿಕ್ಕ ರಾಜ್ಯವೊಂದರ ಮೇಲೆ ನೆರೆಯ ದೊಡ್ಡ ರಾಜ್ಯವು ಬೆಳಗಾಗುವುದರೊಳಗೆ ಏರಿ ಬಂದು, ಏಳು ತಿಂಗಳು ಕುಳಿತು, ಹೋಗುವಾಗ ಬೆಂಕಿಯಿಟ್ಟು ಹೋದರೆ, ಆ ಮೇಲೆ ಅಲ್ಲಿಯ ಜನ ಹೇಗೆ ಬದುಕುತ್ತಾರೆ? ಈ ಲೇಖನದಲ್ಲಿ ನಾನು ವಿಚಾರಿಸಬೇಕೆಂದಿರುವುದು ಇದನ್ನೇ.

ಇತಿಹಾಸದ ಪಠ್ಯಗಳಲ್ಲಿ ಪ್ರತಿಯೊಂದು ಯುದ್ಧದ ಮುಂದೆಯೂ ಕಂಸದೊಳಗೆ ಎರಡು ಇಸವಿಗಳಿರುತ್ತವೆಯಷ್ಟೆ. ಪರೀಕ್ಷೆಯಲ್ಲಿ ಅವೆರಡನ್ನು ಸರಿಯಾಗಿ ಬರೆದರೆ ನಮಗೆ ಅರ್ಧ ಅಂಕ ಗಟ್ಟಿ. ಕೊಲ್ಲಿ ಯುದ್ಧಕ್ಕೂ ಹಾಗೆಯೇ 1990, 1991 ಎಂದಿದೆ. ಮೊದಲನೆಯ ಇಸವಿಯ ವಿಷಯದಲ್ಲಿ ನನಗೆ ತಕರಾರಿಲ್ಲ. ಎರಡನೆಯದು ಯಾರ ಲೆಕ್ಕ ಎಂಬುದೇ ನನ್ನ ಸಂದೇಹ.

ಆ ದೇಶವನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೆ ಕರಾವಳಿಯ ಹಳ್ಳಿಗಳಲ್ಲಿ ಬೆಳೆದವರಿಗೆ ಅದು ದೂರದ ಹೆಸರೂ ಅಲ್ಲ. ನಮ್ಮ ಮನೆಯಲ್ಲಿ ಕುವೈತ್ ಎಂದರೆ ನನ್ನ ಸೋದರಮಾವ. ಅವರು 1987ರಲ್ಲಿ ವೈರ್‌ಮನ್ ಕೆಲಸಕ್ಕೆಂದು ಅಲ್ಲಿಗೆ ಹೋದರು; ಯುದ್ಧದಲ್ಲಿ ಬರಿಗೈಯಲ್ಲಿ ಮರಳಿದರು; 1992ರಲ್ಲಿ ಪುನಃ ಹೋಗಿ 2009ರ ತನಕ ದುಡಿದರು. ಅವರ ಬಾಯಿಂದ ಕೇಳಿದ್ದನ್ನೂ, ನಮ್ಮ ವಾಚನಾಲಯದಲ್ಲಿ ಓದಿ ತಿಳಿದದ್ದನ್ನೂ ಜೊತೆಯಲ್ಲಿಟ್ಟು ನೋಡಿದಾಗ ನನಗೆ ತೋರಿದ ಕೆಲವು ವಿಚಾರಗಳನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಪೂರ್ವದಲ್ಲಿ ಕುವೈತ್ ಮುತ್ತು ಹೆಕ್ಕುವವರ ಮತ್ತು ಹಾಯಿಹಡಗಿನವರ ಊರು. ಅಲ್ಲಿ ಒಂದು ನದಿಯಿಲ್ಲ. ಕುಡಿಯುವ ನೀರನ್ನು ಸಹ ಇರಾಕಿನ ಶತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ತುಂಬಿ ತರುತ್ತಿದ್ದ ಕಾಲವೊಂದಿತ್ತು. ಅವರ ಹಡಗುಗಳಿಗೆ ಬೇಕಾದ ತೇಗದ ಮರ ನಮ್ಮ ಪಶ್ಚಿಮ ತೀರದಿಂದ ಹೋಗುತ್ತಿತ್ತು. ಬಸ್ರಾದ ಖರ್ಜೂರ ಅವರ ಹಡಗುಗಳಲ್ಲಿ ನಮ್ಮ ಬಂದರುಗಳಿಗೆ ಬರುತ್ತಿತ್ತು. ಅಷ್ಟೇ ಏಕೆ, 1961ರ ತನಕ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿಯೇ. ಕಡೆಯ ಎರಡು ವರ್ಷ ಕೊಲ್ಲಿಯ ರಾಜ್ಯಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕು ಬೇರೆ ನೋಟುಗಳನ್ನು ಅಚ್ಚು ಹಾಕಿಸಿಕೊಡುತ್ತಿತ್ತು. ಜಪಾನಿನವರು ಮುತ್ತು ಬೆಳೆಸುವ ವಿದ್ಯೆಯನ್ನು ಕಲಿತ ಮೇಲೆ ಇವರ ಮುತ್ತಿನ ಕಸಬು ನೆಲ ಕಚ್ಚಿತು. ಅಷ್ಟರಲ್ಲಿ, 1938ರಲ್ಲಿ, ಬುರ್ಗಾನ್ ಎಂಬಲ್ಲಿ ತೈಲ ಸಿಕ್ಕಿತು. 1946ರಲ್ಲಿ ಮೊದಲ ಹಡಗು ತೈಲವನ್ನು ಹೊತ್ತು ಹೊರಟಿತು. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ.

1961ರ ಜೂನಿನಲ್ಲಿ ಬ್ರಿಟಿಷರ ರಕ್ಷಣೆಯಿಂದ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಇರಾಕ್ ದೇಶವು ಕುವೈತ್ ತನ್ನದೆಂದು ಹಕ್ಕು ಸಾರಿತ್ತು. ಆ ಸಲ ಮಾತಿನಲ್ಲಿಯೇ ಉಳಿಯಿತು. ಮುಂದೆ 1980ರಿಂದ 1988ರ ವರೆಗೆ ಇರಾನಿನೊಡನೆ ಹೋರಾಡಿದ ಇರಾಕಿಗೆ ಕುವೈತ್ ಹೇರಳವಾಗಿ ಸಾಲ ಕೊಟ್ಟಿತು. ಸಾಲ ತೀರಿಸುವ ಮಾತು ಬಂದಾಗ, ತೈಲದ ಬೆಲೆಯ ಮಾತು ಬಂದಾಗ, ಗಡಿಯಲ್ಲಿರುವ ರುಮೈಲಾ ತೈಲಕ್ಷೇತ್ರದ ಮಾತು ಬಂದಾಗ, ಹಳೆಯ ಹಕ್ಕಿನ ಮಾತೂ ಮತ್ತೆ ಎದ್ದು ಕುಳಿತಿತು. 1990ನೆಯ ಆಗಸ್ಟ್ 2, ಗುರುವಾರ, ನಸುಕಿನಲ್ಲಿ ಸದ್ದಾಂ ಹುಸೇನನ ಸೈನ್ಯ ಗಡಿ ದಾಟಿತು. ಅಮೀರರು ಸೌದಿ ಅರೇಬಿಯಾಕ್ಕೆ ಪಾರಾದರು. ಅವರ ತಮ್ಮ ಅರಮನೆಯ ಬಾಗಿಲಲ್ಲಿ ಹತರಾದರು. ತಿಂಗಳು ತುಂಬುವ ಮೊದಲೇ ಕುವೈತ್ ಇರಾಕಿನ 19ನೆಯ ಪ್ರಾಂತವೆಂದು ಘೋಷಣೆಯಾಯಿತು. 1991ರ ಜನವರಿ 17ರಂದು ಮಿತ್ರರಾಷ್ಟ್ರಗಳ ವಿಮಾನದಾಳಿ, ಫೆಬ್ರವರಿ 24ರಂದು ನೆಲದ ಯುದ್ಧ, 26ರಂದು ಕುವೈತ್ ನಗರದ ಬಿಡುಗಡೆ, 28ರಂದು ಕದನವಿರಾಮ. ಪಠ್ಯಪುಸ್ತಕದ ಯುದ್ಧ ಇಲ್ಲಿಗೆ ಮುಗಿಯಿತು.

ದಾಳಿಯ ದಿನ ಕುವೈತಿನಲ್ಲಿ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಭಾರತೀಯರಿದ್ದರು. ಅವರಿಗೆ ಈ ಜಗಳದಲ್ಲಿ ಪಾಲೂ ಇರಲಿಲ್ಲ, ಪಕ್ಷವೂ ಇರಲಿಲ್ಲ. ಬ್ಯಾಂಕುಗಳು ಮುಚ್ಚಿದವು; ಉಳಿತಾಯದ ಹಣ ಒಳಗೇ ಉಳಿಯಿತು. ಆಗಿನ ನಮ್ಮ ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಹೋಗಿ ಮಾತನಾಡಿ ಬಂದ ಮೇಲೆ ದಾರಿ ಬಿಟ್ಟಿತು. ಜನರು ಬಸ್ಸುಗಳಲ್ಲಿ ಬಸ್ರಾ, ಬಾಗ್ದಾದುಗಳನ್ನು ದಾಟಿ ಜೋರ್ಡಾನಿನ ಮರಳುಗಾಡಿನ ಡೇರೆಗಳಿಗೆ ಬಂದು ಬಿದ್ದರು. ಅಲ್ಲಿಯ ಅಮ್ಮಾನ್ ನಗರದಿಂದ ಮುಂಬಯಿಗೆ ಏರ್ ಇಂಡಿಯಾದ ವಿಮಾನಗಳು ಎರಡು ತಿಂಗಳಲ್ಲಿ 488 ಹಾರಾಟ ಮಾಡಿ 1,10,000ಕ್ಕೂ ಹೆಚ್ಚು ಜನರನ್ನು ತಂದು ಇಳಿಸಿದವು. ನಾಗರಿಕ ವಿಮಾನಗಳಲ್ಲಿ ಇಷ್ಟು ಜನರನ್ನು ಸಾಗಿಸಿದ್ದು ಪ್ರಪಂಚದ ದಾಖಲೆಯೆಂದು ಗಣನೆಗೆ ಬಂದಿದೆ. ಹೆಮ್ಮೆಯ ವಿಷಯವೇ ಸರಿ. ಆದರೆ ವಿಮಾನದಿಂದಿಳಿದು ಊರಿನ ಬಸ್ಸು ಹತ್ತಿದವರ ಮುಂದಿನ ವರ್ತಮಾನವನ್ನು ಯಾವ ದಾಖಲೆಯವರೂ ಬರೆದುಕೊಳ್ಳಲಿಲ್ಲ.

ನನ್ನ ಮಾವ ಊರಿಗೆ ಬಂದು ತಲುಪಿದ್ದು ಸೆಪ್ಟೆಂಬರಿನಲ್ಲಿ, ಉಟ್ಟ ಬಟ್ಟೆಯಲ್ಲಿ. ಅಜ್ಜ ಮಾವನನ್ನು ಕಳಿಸುವಾಗ ಮಾಡಿದ ಸಾಲ ಇನ್ನೂ ಅರ್ಧ ತೀರಿರಲಿಲ್ಲ. ನನ್ನ ತಾಯಿ ಆಗ ಎಂಟನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕಾಗಿದ್ದಳೆಂದು ಅವಳ ಅಣ್ಣನೇ ಹೇಳುತ್ತಾರೆ. ಪ್ರತಿ ತಿಂಗಳು ಬರುತ್ತಿದ್ದ ಹಣ ನಿಂತಿತು. ಆ ವರ್ಷದ ದಸರೆ ರಜೆಯ ಮೇಲೆ ಅವಳು ಶಾಲೆಗೆ ಹೋಗಲಿಲ್ಲ, ಮೊರ ಹಿಡಿದು ಬೀಡಿ ಕಟ್ಟಲು ಕುಳಿತಳು. ಸದ್ದಾಂ ಹುಸೇನನಿಗೆ ನಮ್ಮ ಹಳ್ಳಿಯ ಹೆಸರು ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಪದವಿಯ ತನಕ ಓದಿದವಳು ನಾನೇ ಮೊದಲನೆಯವಳು ಎಂದು ಯಾರಾದರೂ ಮೆಚ್ಚಿ ಮಾತನಾಡಿದಾಗಲೆಲ್ಲ ನನಗೆ ಆ ಆಗಸ್ಟ್ 2ರ ನೆನಪಾಗುತ್ತದೆ. ಅದಿಲ್ಲದಿದ್ದರೆ ನಾನು ಎರಡನೆಯವಳಾಗುತ್ತಿದ್ದೆನೋ ಏನೋ. ಇರಲಿ, ಕುವೈತಿಗೆ ಮರಳೋಣ.

ಹಿಮ್ಮೆಟ್ಟುವ ಇರಾಕಿ ಸೈನಿಕರು 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಹಚ್ಚಿದ್ದರು. ಬಾವಿ ಎಂದರೆ ನಮ್ಮ ಹಿತ್ತಿಲ ಬಾವಿಯಂತೆ ಅಲ್ಲ. ಭೂಮಿಯೊಳಗಿನ ಒತ್ತಡಕ್ಕೆ ತೈಲ ತಾನಾಗಿ ಕೊಳವೆಯಲ್ಲಿ ಮೇಲಕ್ಕೆ ಚಿಮ್ಮುತ್ತಿರುತ್ತದೆ. ಅದರ ಬಾಯಿಗೆ ಕೂಡಿಸಿದ ಬೀಗದಂಥ ಕವಾಟಗಳನ್ನು ಸಿಡಿಮದ್ದಿನಿಂದ ಹಾರಿಸಿಬಿಟ್ಟರೆ ತಡೆಯುವವರಿಲ್ಲ. ಹೀಗೆ ದಿನಕ್ಕೆ 40 ಲಕ್ಷ ಬ್ಯಾರೆಲುಗಳಿಗೂ ಹೆಚ್ಚು ತೈಲ ಉರಿದುಹೋಗುತ್ತಿತ್ತೆಂದು ಅಂದಾಜು. ಹೊಗೆಯ ಅಡಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೋಟಾರುಗಳು ದೀಪ ಹಚ್ಚಿಕೊಂಡು ಓಡುತ್ತಿದ್ದವು. ಬಿಸಿಲೇ ನೆಲಕ್ಕೆ ಮುಟ್ಟದೆ, ಉರಿಬೇಸಗೆಯ ಆ ದೇಶದಲ್ಲಿ ಸಹ ಹೊಗೆಯ ಕೆಳಗೆ ತಂಪಾಗಿರುತ್ತಿತ್ತಂತೆ. ಮಳೆ ಬಂದರೆ ಕಪ್ಪು ಹನಿ ಬೀಳುತ್ತಿತ್ತು. ಉರಿಯದೆ ಬರಿದೇ ಚಿಮ್ಮಿದ ತೈಲ ತಗ್ಗುಗಳಲ್ಲಿ ನಿಂತು ನೂರಾರು ಕೆರೆಗಳಾದವು. ಆಕಾಶದಿಂದ ನೋಡಿದ ಹಕ್ಕಿಗಳು ನೀರೆಂದು ನಂಬಿ ಇಳಿದು ಅಲ್ಲಿಯೇ ಅಂಟಿಕೊಂಡು ಸತ್ತವು.

ಈ ಬೆಂಕಿಯನ್ನು ಆರಿಸಲು ವರ್ಷಗಟ್ಟಲೆ ಬೇಕಾದೀತೆಂದು ತಜ್ಞರಲ್ಲಿ ಅನೇಕರು ಲೆಕ್ಕ ಹಾಕಿದ್ದರು. ಕೆಲಸದ ಕ್ರಮವನ್ನು ಕೇಳಿದರೆ ಅವರ ಮಾತು ಉತ್ಪ್ರೇಕ್ಷೆ ಎನ್ನಿಸುವುದಿಲ್ಲ. ಮೊದಲು ಬಾವಿಯ ಸುತ್ತ ಹೂತಿಟ್ಟ ನೆಲಬಾಂಬುಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕು. ಆ ಮೇಲೆ ದಾರಿ ಮಾಡಬೇಕು. ಬಾವಿಯ ಬಾಯಿಯ ಸುತ್ತ ಸುಟ್ಟ ತೈಲ ಕಲ್ಲಿದ್ದಲಿನಂತೆ ಗಟ್ಟಿಯಾಗಿ ಗುಡ್ಡೆ ಕಟ್ಟಿರುತ್ತದೆ. ಅದನ್ನು ಉದ್ದ ತೋಳಿನ ಯಂತ್ರದಿಂದ ಒಡೆದು ಎಳೆಯಬೇಕು. ಎಡೆಬಿಡದೆ ನೀರು ಹೊಡೆದು ನೆಲವನ್ನೂ ಕಬ್ಬಿಣವನ್ನೂ ತಣಿಸಬೇಕು. ಕೆಲವು ಬೆಂಕಿ ನೀರಿಗೇ ಆರುತ್ತದೆ. ಆರದಿದ್ದರೆ ಜ್ವಾಲೆಯ ಬಾಯಲ್ಲಿ ಸಿಡಿಮದ್ದು ಸಿಡಿಸಬೇಕು. ಆ ಸಿಡಿತಕ್ಕೆ ಕ್ಷಣಮಾತ್ರ ಗಾಳಿಯಿಲ್ಲದಂತಾಗಿ ಬೆಂಕಿ ಉಸಿರು ಕಟ್ಟಿ ಸಾಯುತ್ತದೆ. ಬೆಂಕಿ ಆರಿತೆಂದರೆ ಅಪಾಯ ಕಡಿಮೆಯಾಯಿತೆಂದಲ್ಲ. ಈಗ ತೈಲವೂ ಅನಿಲವೂ ಉರಿಯದೆ ಮೈಮೇಲೆ ಸುರಿಯುತ್ತಿರುತ್ತವೆ. ಒಂದು ಕಿಡಿ ಸಾಕು. ಆ ಮಳೆಯಲ್ಲಿ ನಿಂತು ಮುರಿದ ಕೊಳವೆಯನ್ನು ಕತ್ತರಿಸಿ ಹೊಸ ಕವಾಟವನ್ನು ಕೂಡಿಸಿ ತಿರುಪು ಬಿಗಿಯಬೇಕು.

ಇಷ್ಟಕ್ಕೆಲ್ಲ ನೀರೆಲ್ಲಿಂದ ಬರಬೇಕು? ನದಿಯಿಲ್ಲದ ದೇಶವೆಂದು ಮೊದಲೇ ಹೇಳಿದೆನಷ್ಟೆ. ಇಲ್ಲಿ ಮಾಡಿದ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಬಾವಿಗಳಿಂದ ಬಂದರಿಗೆ ತೈಲ ಸಾಗಿಸಲು ಹಾಕಿದ್ದ ಕೊಳವೆಗಳಿದ್ದುವಲ್ಲ, ಅವುಗಳಲ್ಲಿಯೇ ಹಿಂದುಮುಂದಾಗಿ ಸಮುದ್ರದ ನೀರನ್ನು ಹರಿಸಿದರು. ನಲವತ್ತೈದು ವರ್ಷ ಮರುಭೂಮಿಯಿಂದ ಕಡಲಿಗೆ ತೈಲ ಹರಿದ ದಾರಿಯಲ್ಲಿ ಕಡಲೇ ಮರುಭೂಮಿಗೆ ಬಂತು. ಬಾವಿಗಳ ಪಕ್ಕದಲ್ಲಿ ಹೊಂಡ ತೋಡಿ ಅದನ್ನು ತುಂಬಿಸಿಕೊಂಡರು. ಅಮೆರಿಕ, ಕೆನಡಾಗಳಿಂದ ಹೆಸರಾಂತ ತಂಡಗಳು ಬಂದವು. ಹಂಗೇರಿಯವರು ಹಳೆಯ ಟ್ಯಾಂಕೊಂದರ ಮೇಲೆ ಮಿಗ್ ವಿಮಾನದ ಎಂಜಿನುಗಳನ್ನು ಕೂಡಿಸಿ, ಬಿರುಗಾಳಿಯೊಡನೆ ನೀರೂದಿ ದೀಪ ಆರಿಸಿದಂತೆ ಬೆಂಕಿ ಆರಿಸುವ ಯಂತ್ರವನ್ನು ತಂದರು. ಕುವೈತಿನವರದ್ದೇ ಒಂದು ತಂಡವೂ ಇತ್ತು. ಅದರಲ್ಲಿ ಸಾರಾ ಅಕ್ಬರ್ ಎಂಬ ಮಹಿಳಾ ಎಂಜಿನಿಯರು ಬೆಂಕಿಯ ಮುಂದೆ ನಿಂತು ಕೆಲಸ ಮಾಡಿದರು. ಕೊನೆಯ ಬಾವಿಯನ್ನು 1991ರ ನವೆಂಬರ್ 6ರಂದು ಮುಚ್ಚಲಾಯಿತು. ಬೆಂಕಿಯ ಯುದ್ಧಕ್ಕೆ ಅದು ಮುಕ್ತಾಯದ ತಾರೀಖು. ತೈಲ ಹೀರಿದ ಮಣ್ಣಿಗೆ ಆ ತಾರೀಖು ಅನ್ವಯಿಸುವುದಿಲ್ಲ. 2020ರ ದಶಕದಲ್ಲಿಯೂ ಅದನ್ನು ಅಗೆದು ಶುದ್ಧಿಮಾಡುವ ಕೆಲಸ ನಡೆದಿದೆ.

ಮಾವ 1992ರಲ್ಲಿ ಮರಳಿ ಹೋದಾಗ ಹೊಗೆ ಇರಲಿಲ್ಲ. ಅವರನ್ನು ಕರೆಸಿಕೊಂಡ ಗುತ್ತಿಗೆದಾರನಿಗೆ ಮನೆ, ಶಾಲೆ, ಕಚೇರಿಗಳಿಗೆ ವೈರು ಎಳೆಯುವ ಕೆಲಸ. ಲೂಟಿ ಎಂದರೆ ಚಿನ್ನ, ಹಣ, ಮೋಟಾರುಗಳೆಂದು ನಾವು ತಿಳಿಯುತ್ತೇವೆ. ಅಲ್ಲಿ ಆಸ್ಪತ್ರೆಯ ಯಂತ್ರಗಳು, ವಿಶ್ವವಿದ್ಯಾನಿಲಯದ ಪುಸ್ತಕಗಳು, ಶಾಲೆಯ ಬೆಂಚುಗಳು, ಬಸ್ಸುಗಳು, ಎಲ್ಲವೂ ಲಾರಿ ಹತ್ತಿ ಹೋಗಿದ್ದವು. ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಬರಿದುಮಾಡಿ ಬೆಂಕಿಯಿಟ್ಟಿದ್ದರು. ಅದರ ಮುಂದೆ ನಿಲ್ಲಿಸಿದ್ದ ಮುಹಲ್ಲಬ್ ಎಂಬ ಹಳೆಯ ಹಾಯಿಹಡಗೂ ಸುಟ್ಟುಹೋಯಿತು. "ನೋಡು ಮಗಾ, ಗೋಡೆ ಸರಿಯಾಗಿಯೇ ಇತ್ತು, ಬಣ್ಣ ಸಹ ಮಾಸಿರಲಿಲ್ಲ. ಸ್ವಿಚ್ಚು ಇದ್ದ ಜಾಗದಲ್ಲಿ ಮಾತ್ರ ತೂತು. ತೂತಿನೊಳಗೆ ಕೈ ಹಾಕಿ ಎಳೆದರೆ ವೈರೂ ಇಲ್ಲ" ಎಂದು ಮಾವ ಹೇಳುವುದುಂಟು. ತಾಮ್ರಕ್ಕೆ ಬೆಲೆಯಿದೆಯಷ್ಟೆ, ಎಳೆದುಕೊಂಡು ಹೋಗಿದ್ದರು.

ಆದರೆ ಇಂಥ ನಷ್ಟಗಳು ಬೇಗ ತುಂಬಿ ಬಂದವು ಎಂಬುದನ್ನೂ ಹೇಳಬೇಕು. ಹಣವಿದ್ದ ದೇಶ. ಕದ್ದೊಯ್ದ ನೋಟುಗಳು ಬೆಲೆಯಿಲ್ಲದಂತಾಗಲೆಂದು ಬಿಡುಗಡೆಯಾದ ತಿಂಗಳೊಳಗೆ, ಮಾರ್ಚ್ 24ರಿಂದ, ಹೊಸ ನೋಟುಗಳನ್ನು ಚಲಾವಣೆಗೆ ತಂದರು. ವಸ್ತುಸಂಗ್ರಹಾಲಯದ ಒಡವೆಗಳಲ್ಲಿ ಬಹುಪಾಲು ವಿಶ್ವಸಂಸ್ಥೆಯ ಮೂಲಕ ಹಿಂದಕ್ಕೆ ಬಂದವು. ದೀಪ ಹತ್ತಿತು, ನೀರು ಬಂತು, ಅಂಗಡಿ ತೆರೆಯಿತು. ಕೊಂಡು ತರಬಹುದಾದುದೆಲ್ಲವೂ ಎರಡು ಮೂರು ವರ್ಷಗಳಲ್ಲಿ ಸ್ವಸ್ಥಾನಕ್ಕೆ ಬಂದಿತು ಎನ್ನಬಹುದು.

ಕೊಂಡು ತರಲಾಗದ ಒಂದು ವಸ್ತುವುಂಟು. ಅದು ನೆರೆಯವರ ಮೇಲಿನ ನಂಬಿಕೆ. ಪರಕೀಯರ ಆಳ್ವಿಕೆಯ ಏಳು ತಿಂಗಳಲ್ಲಿ ಕುವೈತಿನ ಜನರು ರಸ್ತೆಗಳ ಹೆಸರಿನ ಫಲಕಗಳನ್ನೂ ಮನೆಗಳ ನಂಬರುಗಳನ್ನೂ ಕಿತ್ತು ಹಾಕಿದ್ದರು. ಯಾರದಾದರೂ ಮನೆ ಹುಡುಕಿಕೊಂಡು ಬಂದ ಸೈನಿಕನಿಗೆ ಊರೇ ಒಂದು ಒಗಟಾಗಲೆಂದು ಈ ಹಂಚಿಕೆ. ಸ್ಥಳೀಯರಿಗೆ ಫಲಕ ಬೇಡ. ಯಾವ ತಿರುವಿನಲ್ಲಿ ಯಾರ ಮನೆಯೆಂದು ಗೊತ್ತು. ಕುರೈನ್ ಎಂಬಲ್ಲಿ ಒಂದು ಮನೆಯಲ್ಲಿ ಅಡಗಿದ್ದ 19 ಮಂದಿ ಪ್ರತಿರೋಧಿಗಳು ಬಿಡುಗಡೆಗೆ ಎರಡೇ ದಿನ ಮುಂಚೆ ದಿನವಿಡೀ ಹೋರಾಡಿದರು; 12 ಮಂದಿ ಪ್ರಾಣ ಕಳೆದುಕೊಂಡರು. ಗುಂಡೇಟು ತಿಂದ ಆ ಮನೆಯನ್ನು ರಿಪೇರಿ ಮಾಡದೆ ಹಾಗೆಯೇ ಸ್ಮಾರಕವಾಗಿ ಉಳಿಸಿದ್ದಾರೆ. ಅಸ್ರಾರ್ ಅಲ್ ಕಬಂದಿ ಎಂಬ ಮಹಿಳೆ ಸುದ್ದಿಗಳನ್ನು ಹೊರಗೆ ಮುಟ್ಟಿಸುತ್ತಿದ್ದರು. 1991ರ ಜನವರಿಯಲ್ಲಿ ಅವರನ್ನು ಕೊಂದು ಮನೆಯ ಮುಂದೆ ಎಸೆದರು.

ಬಿಡುಗಡೆಯಾದ ಮೇಲೆ ಮಾತ್ರ ಊರಿನಲ್ಲಿ ಎರಡು ಬಗೆಯ ಜನರಾದರು. ಒಳಗೆ ಇದ್ದು ಸಹಿಸಿದವರು ಒಂದು ಬಗೆ. ಅವರನ್ನು 'ಸಾಮಿದೂನ್' ಎಂದರು, ಎಂದರೆ ಕದಲದೆ ನಿಂತವರು. ಹೊರದೇಶದಲ್ಲಿ ಉಳಿದಿದ್ದು ಬಿಡುಗಡೆಯ ನಂತರ ಬಂದವರು ಇನ್ನೊಂದು ಬಗೆ. ಅದು ಬೇಸಗೆಯ ರಜೆಯ ಕಾಲವಾದುದರಿಂದ ದಾಳಿಯ ದಿನ ಬಹಳ ಜನ ಪರದೇಶಗಳಲ್ಲಿದ್ದರು. ಅದು ಅವರ ತಪ್ಪಲ್ಲ. ಆದರೂ ಸಂಜೆ ದೀವಾನಿಯಾಗಳಲ್ಲಿ, ಎಂದರೆ ಗಂಡಸರು ಕೂಡಿ ಕಾಫಿ ಕುಡಿದು ಮಾತನಾಡುವ ಪಡಸಾಲೆಗಳಲ್ಲಿ, "ಆಗ ನೀನೆಲ್ಲಿದ್ದೆ?" ಎಂಬ ಪ್ರಶ್ನೆ ಎಷ್ಟೋ ವರ್ಷ ಗಾಳಿಯಲ್ಲಿತ್ತೆಂದು ಮಾವ ಕೇಳಿ ಬಲ್ಲರು.

ಇದಕ್ಕಿಂತ ಘೋರವಾದ ಇನ್ನೊಂದು ಲೆಕ್ಕವಿದೆ. ಯುದ್ಧಕ್ಕೆ ಮೊದಲು ಕುವೈತಿನಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೈನಿಯರಿದ್ದರು. 1948ರಿಂದೀಚೆಗೆ ನೆಲೆ ಕಳೆದುಕೊಂಡು ಬಂದವರು, ಅವರ ಮಕ್ಕಳು. ಕುವೈತಿನ ಶಾಲೆಗಳಲ್ಲಿ ಪಾಠ ಹೇಳಿದವರು, ಕಚೇರಿಗಳಲ್ಲಿ ಕಡತ ಬರೆದವರು, ರಸ್ತೆಗಳನ್ನು ಅಳೆದವರು ಇವರೇ. ಅವರ ಮುಖಂಡ ಯಾಸಿರ್ ಅರಾಫತ್ ಯುದ್ಧಕಾಲದಲ್ಲಿ ಸದ್ದಾಮನ ಕಡೆಗೆ ವಾಲಿದರು. ಆ ಒಂದು ನಿಲುವಿಗೆ ಕುವೈತಿನಲ್ಲಿದ್ದವರು ಇಡೀ ಸಮುದಾಯವಾಗಿ ಬೆಲೆ ತೆತ್ತರು. ಅವರಲ್ಲಿ ಪ್ರತಿರೋಧಕ್ಕೆ ನೆರವಾದವರೂ ಇದ್ದರು; ಅದನ್ನು ಯಾರೂ ಗಣಿಸಲಿಲ್ಲ. ಕೆಲವರನ್ನು ಹಿಡಿದು ಹಿಂಸಿಸಲಾಯಿತು, ಬಹುಮಂದಿಯ ವಾಸದ ಪರವಾನಗಿ ನವೀಕರಣವಾಗಲಿಲ್ಲ, ಹೊರಗಿದ್ದವರಿಗೆ ಮರಳಲು ಅಪ್ಪಣೆ ಸಿಗಲಿಲ್ಲ. ನಾಲ್ಕು ಲಕ್ಷದಲ್ಲಿ ಉಳಿದವರು ಕೆಲವೇ ಹತ್ತು ಸಾವಿರ. 2004ರಲ್ಲಿ ಮಹಮೂದ್ ಅಬ್ಬಾಸರು ಕುವೈತಿಗೆ ಬಂದು ಹಿಂದಿನ ನಿಲುವಿಗಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು.

ನನ್ನ ಮಾವನಿಗೆ ಮೊದಲು ಕೆಲಸ ಕಲಿಸಿದ ಮೇಸ್ತ್ರಿ ಹವಲ್ಲಿ ಎಂಬಲ್ಲಿ ವಾಸಿಸುತ್ತಿದ್ದ ಒಬ್ಬ ಪ್ಯಾಲೆಸ್ಟೈನಿ. ಹುಟ್ಟಿದ್ದು ಕುವೈತಿನಲ್ಲಿಯೇ. ಆಗಸ್ಟ್ ತಿಂಗಳಲ್ಲಿ ಅಂಗಡಿಗಳಲ್ಲಿ ರೊಟ್ಟಿಗೆ ಸಾಲು ಹಚ್ಚಬೇಕಾಗಿದ್ದಾಗ ಆತ ದಿನವೂ ಖುಬುಸ್ ರೊಟ್ಟಿ ತಂದು ನಮ್ಮವರ ಕೋಣೆಗೆ ಕೊಟ್ಟು ಹೋಗುತ್ತಿದ್ದನಂತೆ. 1992ರಲ್ಲಿ ಮಾವ ಅವನನ್ನು ಹುಡುಕಿಕೊಂಡು ಹೋದರೆ ಆ ಮನೆಯಲ್ಲಿ ಬೇರೆ ದೇಶದವರಿದ್ದರು. ಆ ಬೀದಿಯೇ ಬದಲಾಗಿತ್ತು. ಇಂಥಲ್ಲಿ ಕುವೈತಿನವರ ನೋವು ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋವುಂಡವರು ಮಾಡಿದ್ದೆಲ್ಲ ನ್ಯಾಯವೆಂದು ಒಪ್ಪಲು ಮನಸ್ಸು ಬರುವುದಿಲ್ಲ.

'ಬಿದೂನ್' ಎಂದು ಇನ್ನೊಂದು ವರ್ಗವಿದೆ. ಆ ಅರಬ್ಬೀ ಮಾತಿಗೆ 'ಇಲ್ಲದವರು' ಎಂದರ್ಥ; ಎಂದರೆ ಯಾವ ದೇಶದ ಪೌರತ್ವವೂ ಇಲ್ಲದವರು. 1959ರ ಪೌರತ್ವ ಕಾನೂನು ಬಂದಾಗ ಮರುಭೂಮಿಯಲ್ಲಿ ಕುರಿ ಒಂಟೆಗಳ ಹಿಂದಿದ್ದ ಎಷ್ಟೋ ಬುಡಕಟ್ಟಿನವರು ಹೆಸರು ನೋಂದಾಯಿಸಲಿಲ್ಲ. ಅಕ್ಷರ ಬಾರದವನಿಗೆ ಕಾಗದದ ಬೆಲೆ ಹೇಗೆ ಗೊತ್ತಾಗಬೇಕು! 1990ರಲ್ಲಿ ಕುವೈತಿನ ಸೈನ್ಯದಲ್ಲಿ ಬಹುಮಂದಿ ಇವರೇ ಇದ್ದರು. ಬಿಡುಗಡೆಯ ನಂತರ ಇವರ ನಿಷ್ಠೆಯನ್ನು ಶಂಕಿಸಿ ಅನೇಕರನ್ನು ಕೆಲಸದಿಂದ ತೆಗೆದರು. ಇವರ ಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿದೆ, ಪ್ರಶ್ನೆ ಬಗೆಹರಿದಿಲ್ಲ. ಬದಲಾಗಿ 2024ರಿಂದ ಈಚೆಗೆ ಪೌರತ್ವ ಪಡೆದಿದ್ದ ಸಾವಿರಾರು ಜನರಿಂದಲೂ ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರು ಕುವೈತಿನ ಗಂಡಸರನ್ನು ಮದುವೆಯಾಗಿ ಬಂದ ಹೆಂಗಸರು.

ಹೆಂಗಸರ ಮಾತು ಬಂದುದರಿಂದ ಒಂದೆರಡು ಸಾಲು. ಕುವೈತಿಗೆ 1962ರಲ್ಲಿಯೇ ಸಂವಿಧಾನ, 1963ರಲ್ಲಿ ಚುನಾಯಿತ ಸಭೆ ಬಂದಿದ್ದವು. ಆದರೆ 1986ರಲ್ಲಿ ಸಭೆ ವಿಸರ್ಜನೆಯಾಗಿತ್ತು. ಯುದ್ಧದಲ್ಲಿ ಜನರಿಗೆ ಕೊಟ್ಟ ಮಾತಿನಂತೆ 1992ರ ಅಕ್ಟೋಬರಿನಲ್ಲಿ ಪುನಃ ಚುನಾವಣೆ ನಡೆಯಿತು. ಪ್ರತಿರೋಧದಲ್ಲಿ ಪ್ರಾಣ ಕೊಟ್ಟ ಹೆಂಗಸರಿಗೆ ಮತದ ಹಕ್ಕು ಮಾತ್ರ ಇರಲಿಲ್ಲ. 1999ರಲ್ಲಿ ಅಮೀರರು ಹೊರಡಿಸಿದ ಆಜ್ಞೆಯನ್ನು ಸಭೆಯೇ ತಿರಸ್ಕರಿಸಿತು! 2005ರ ಮೇ 16ರಂದು ಕಡೆಗೂ ಹಕ್ಕು ಬಂತು. 2009ರಲ್ಲಿ ನಾಲ್ವರು ಮಹಿಳೆಯರು ಆಯ್ಕೆಯಾದರು. 2024ರ ಮೇ ತಿಂಗಳಲ್ಲಿ ಅಮೀರರು ಸಭೆಯನ್ನು ವಿಸರ್ಜಿಸಿ ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷಗಳನ್ನು ಮೀರದಂತೆ ಅಮಾನತಿನಲ್ಲಿಟ್ಟರು.

ಪರಿಹಾರದ ವಿಷಯ ನಮ್ಮ ಕರಾವಳಿಯ ಮನೆಗಳಿಗೂ ಸಂಬಂಧಪಟ್ಟದ್ದು. ಇರಾಕ್ ಮಾಡಿದ ನಷ್ಟವನ್ನು ಇರಾಕಿನ ತೈಲದ ಆದಾಯದಿಂದಲೇ ಕೊಡಿಸಲು ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಒಂದು ಆಯೋಗವನ್ನು ನೇಮಿಸಿತು. ಕುವೈತ್ ಬಿಟ್ಟು ಓಡಿಬರಬೇಕಾದ ಒಂಟಿ ಮನುಷ್ಯನಿಗೆ 2,500 ಡಾಲರು. ಬೇರಾವ ಕ್ಲೇಮೂ ಮಾಡುವುದಿಲ್ಲವೆಂದು ಬರೆದುಕೊಟ್ಟರೆ 4,000. ಸಂಬಳದ ಬಾಕಿಗೂ ಬಿಟ್ಟುಬಂದ ಸಾಮಾನಿಗೂ ರಸೀದಿಯಿಲ್ಲದ ಮಾವ ಎರಡನೆಯದಕ್ಕೆ ರುಜು ಹಾಕಿದರು. ಹಣ ಕಂತುಕಂತಾಗಿ ಬಂದು ಮುಗಿಯುವ ವೇಳೆಗೆ 1990ರ ದಶಕವೇ ಮುಗಿಯುತ್ತ ಬಂದಿತ್ತು. ಅಜ್ಜನ ಸಾಲ ತೀರಿತು, ಮನೆಗೆ ಹೆಂಚು ಹೊದಿಸಿದರು. ತಾಯಿಗೆ ಅಷ್ಟರಲ್ಲಿ ಇಪ್ಪತ್ತು ದಾಟಿತ್ತು. ಎಂಟನೆಯ ತರಗತಿಗೆ ಮರಳುವ ಮಾತೆಲ್ಲಿ?

ಆ ಹಣ ಎಲ್ಲಿಂದ ಬಂತೆಂದು ಯೋಚಿಸಿದಾಗ ಇನ್ನೊಂದು ಮುಖ ಕಾಣಿಸುತ್ತದೆ. ಆಯೋಗವು ಸುಮಾರು 15 ಲಕ್ಷ ಕ್ಲೇಮುದಾರರಿಗೆ ಒಟ್ಟು 5,240 ಕೋಟಿ ಡಾಲರು ಹಂಚಿತು; ಕಡೆಯ ಕಂತು ಸಂದದ್ದು 2022ರ ಜನವರಿಯಲ್ಲಿ. ಸದ್ದಾಂ ಹುಸೇನನು 2006ರಲ್ಲಿಯೇ ಗಲ್ಲಿಗೇರಿದ್ದ. ಇರಾಕಿನಲ್ಲಿ ಹಸಿವೂ ಔಷಧದ ಅಭಾವವೂ ತುಂಬಿದ್ದ ನಿರ್ಬಂಧದ ವರ್ಷಗಳಲ್ಲಿ, ಆ ಮೇಲೆ 2003ರ ಯುದ್ಧದ ನಂತರ, ದಾಳಿಯ ದಿನ ಇನ್ನೂ ಹುಟ್ಟಿರದ ಮಕ್ಕಳ ಪಾಲಿನಿಂದ ಈ ಸಾಲ ತೀರಿತು. ನಮ್ಮ ಮನೆಯ ಹೆಂಚಿನಲ್ಲಿ ಅವರ ಪಾಲೂ ಇದೆಯೆಂದು ನಾನು ಒಮ್ಮೆ ಮಾವನೊಡನೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ದುಡ್ಡು ನನಗೆ ಬಂತು ಮಗಾ" ಎಂದಷ್ಟೇ ಹೇಳಿದರು. ಅದೂ ನಿಜವೇ.

ಕಡೆಯದಾಗಿ, ಕಾಣೆಯಾದವರ ಪಟ್ಟಿ. ಕುವೈತಿನಿಂದ ಹಿಡಿದೊಯ್ದ ಜನರಲ್ಲಿ 605 ಮಂದಿಯ ಸುಳಿವು ಸಿಗಲಿಲ್ಲವೆಂದು ಕುವೈತ್ ಪಟ್ಟಿ ಕೊಟ್ಟಿತು. ಹನ್ನೆರಡು ವರ್ಷ ಅವರು ಬದುಕಿದ್ದಾರೆಂದೇ ಮನೆಯವರು ಕಾದರು. ಅವರ ಚಿತ್ರಗಳು ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ರಸ್ತೆಯ ಬದಿಯಲ್ಲಿ ತೂಗುತ್ತಿದ್ದವು. 2003ರಲ್ಲಿ ಸದ್ದಾಂ ಹುಸೇನನ ಆಡಳಿತ ಬಿದ್ದ ಮೇಲೆ ಇರಾಕಿನ ಮರಳಿನಲ್ಲಿ ಸಾಮೂಹಿಕ ಗೋರಿಗಳು ಸಿಕ್ಕವು. ಎಲುಬುಗಳನ್ನು ಪರೀಕ್ಷಿಸಿ ಒಂದೊಂದೇ ಹೆಸರನ್ನು ಗುರುತಿಸುತ್ತ ಬಂದರು. ಹದಿನಾರು ವರ್ಷಗಳ ಮೇಲೆ, 2019ರಲ್ಲಿ, ಸಮಾವಾ ಎಂಬ ಊರಿನ ಬಳಿ ಇನ್ನಷ್ಟು ಅವಶೇಷಗಳು ದೊರೆತವು. ಆದರೂ 300ರಷ್ಟು ಹೆಸರುಗಳ ಮುಂದೆ ಇನ್ನೂ ಏನೂ ಬರೆದಿಲ್ಲ.

ಮಾವ 1992ರಲ್ಲಿ ವೈರು ಎಳೆದ ಮನೆಗಳಲ್ಲಿ ಅಂಥದೊಂದು ಮನೆಯಿತ್ತು. ಮಗನ ಕೋಣೆಯ ದೀಪವನ್ನು ಮೊದಲು ಹತ್ತುವಂತೆ ಮಾಡು, ಉಳಿದುದು ಆ ಮೇಲೆ ಎಂದು ಆ ಮನೆಯ ತಾಯಿ ಹೇಳಿದಳಂತೆ. ಆ ಬಳಿಕ ಚಿಕ್ಕಪುಟ್ಟ ರಿಪೇರಿಗೆ ಅವರು ಇವರನ್ನೇ ಕರೆಯುತ್ತಿದ್ದರು. ಹನ್ನೆರಡು ವರ್ಷವೂ ಸಂಜೆಯಾದರೆ ಆ ಕೋಣೆಯ ದೀಪ ಹತ್ತುತ್ತಿತ್ತು. ಬಲ್ಬು ಹೋದರೆ ಅದೇ ದಿನ ಫೋನು ಬರುತ್ತಿತ್ತು. 2004ರಲ್ಲಿ ಮಗನ ಎಲುಬುಗಳು ಬಂದವೆಂದು ವರ್ತಮಾನ ಕೇಳಿ ಮಾವ ಕೆಲಸ ಮುಗಿಸಿದ ಬಟ್ಟೆಯಲ್ಲಿಯೇ ಹೋದರು. ದೀವಾನಿಯಾದಲ್ಲಿ ಜನ ತುಂಬಿದ್ದರು. ಬಾಗಿಲ ಬಳಿ ಕುಳಿತ ಅವರಿಗೂ ಸಕ್ಕರೆಯಿಲ್ಲದ ಕಾಫಿಯನ್ನು ಸಣ್ಣ ಬಟ್ಟಲಿನಲ್ಲಿ ತಂದುಕೊಟ್ಟರು. ಕುಡಿದು, ಹಿರಿಯರ ಕೈ ಮುಟ್ಟಿ, ಎದ್ದು ಬಂದರು. ಮರುದಿನ ಸಾಲ್ಮಿಯಾದಲ್ಲಿ ಬೇರೊಂದು ಮನೆಯ ಕೆಲಸ ಹಿಡಿದಿದ್ದರು.